ಕೆಮ್ಮು ಇಲ್ಲ ಎಂದು ಬರೆದವಳು

೧೪ ನವೆಂಬರ್ ೨೦೦೭, ಬುಧವಾರ

ಆ ತಪಾಸಣೆ ಫಾರ್ಮು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಹೊಗೆ ಜಾಸ್ತಿಯೆಂದು ಕಲ್ಲಿದ್ದಲಿನ ಪವರ್ ಹೌಸನ್ನು ಮುಂದಿನ ತಿಂಗಳು ಮುಚ್ಚುತ್ತಾರೆ. ಬೂದಿಯಿಂದ ಎದೆ ಕೆಟ್ಟ ಗುತ್ತಿಗೆ ಕೆಲಸದವರಿಗೆ ಔಷಧಿ, ಬೇರೆ ಕಡೆ ಹಗುರ ಕೆಲಸ ಕೊಡುತ್ತಾರಂತೆ. ಆದರೆ ಹಳೆಯ ತಪಾಸಣೆ ಫಾರ್ಮಿನಲ್ಲಿ ಕೆಮ್ಮು ಎಂದು ಇರಬೇಕು.

ಅಲ್ಲೇ ಬೂದಿ ಎತ್ತುವ ನಮ್ಮ ಯಜಮಾನರ ಫಾರ್ಮಿನಲ್ಲಿ ವರ್ಷ ವರ್ಷವೂ ‘ಕೆಮ್ಮು ಇಲ್ಲ’ ಎಂದೇ ಇದೆ. ಮನೆಯಲ್ಲಿ ಕೂತು ತುಂಬಿದವಳು ನಾನೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈ ಹಿಂದಿ ಊರಿಗೆ ಬಂದ ಮೇಲೆ ಹಿಂದಿಯಲ್ಲಿ ಅದೊಂದು ಮಾತನ್ನು ದುಂಡಗೆ ಬರೆಯಲು ಕಲಿತಿದ್ದೆ. ಕೆಮ್ಮುವವರನ್ನು ಕೆಲಸದಿಂದ ತೆಗೆಯುತ್ತಿದ್ದರಲ್ಲ! ತಪಾಸಣೆಯ ದಿನ ಶುಂಠಿ, ಜೇನು ನೆಕ್ಕಿಸಿ ಕಳಿಸುತ್ತಿದ್ದೆ.

ಇವತ್ತು ಪವರ್ ಹೌಸಿನ ಆಫೀಸಿನಲ್ಲಿ ಇವರು ಬಿಡದೆ ಕೆಮ್ಮಿದರು. ಗುಮಾಸ್ತ ಫಾರ್ಮು ನೋಡಿ, "ಅಚ್ಛಾ ಭಯ್ಯಾ, ಇವತ್ತೇ ಶುರುವಾಯ್ತಾ?" ಎಂದು ನಕ್ಕು ಫಾರ್ಮು ವಾಪಸ್ ತಳ್ಳಿದ.

ಮಗಳು ಧಾರಿಣಿಗೆ ಖುಷಿಯೋ ಖುಷಿ. "ಅಮ್ಮಾ, ಇನ್ಮೇಲೆ ಹವಾ ಸಾಫ್ ಆಗತ್ತೆ, ಪಪ್ಪಾ ಕೆಮ್ಮಲ್ಲ" ಎನ್ನುತ್ತಾಳೆ.

ಇವರು ಬೈದಿದ್ದರೂ ಸಮಾಧಾನವಾಗುತ್ತಿತ್ತು. "ನೀನು ಹಾಗೆ ಬರೀದಿದ್ರೆ ಇಷ್ಟು ವರ್ಷ ಊಟ ಎಲ್ಲಿತ್ತು ಸುಶೀಲಾ?" ಎಂದರು, ಅಷ್ಟೇ.

ಈಗಲೂ ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದಾರೆ. ಅಕ್ಕಪಕ್ಕದವರಿಗೆ ಕೇಳದಿರಲೆಂದು ಅದನ್ನೂ ನಾನೇ ಕಲಿಸಿದ್ದು. ಇನ್ನು ಮುಚ್ಚಿಡಬೇಡಿ, ಜೋರಾಗಿ ಕೆಮ್ಮಿ ಎಂದು ಹೇಳೋಣವೆಂದರೆ, ಈಗ ಯಾರು ಕೇಳಿಸಿಕೊಳ್ಳಲಿ ಎಂದು ಹೇಳಲಿ?