ಗೋರೆಗಾಂವಿನ ರಾಯರ ಕಾಗದಗಳು

ಅಣ್ಣ,

ಹೆತ್ತ ತಂದೆಯನ್ನು ನಾನು ಹೀಗೆ ಕರೆಯುವುದನ್ನು ಕೇಳಿ, ನಮ್ಮ ಪರೇಲಿನ ಬಿಲ್ಡಿಂಗಿನ ಕೆಳಗಿನ ಹೋಟೆಲಿನ ಶೆಟ್ಟರು "ಅಪ್ಪನಿಗೆ ಅಣ್ಣ ಹೇಳುದಾ ಮಾರಾಯ್ತಿ? ಹಾಗಾದ್ರೆ ಅಣ್ಣನಿಗೆ ಎಂತ ಹೇಳುದು?" ಎಂದು ಬೆರಗಾಗಿದ್ದರಲ್ಲ! ನಾನು ನಕ್ಕುಬಿಟ್ಟೆ. ನೀವು ಮಾತ್ರ ಕಾಫಿ ಲೋಟ ಕೆಳಗಿಟ್ಟು, ಮೈಸೂರು ಕಡೆಯ ಮನೆಗಳಲ್ಲಿ ಇದು ರೂಢಿ ಎಂದು ಸಾವಧಾನವಾಗಿ ವಿವರಿಸಿದಿರಿ. ಯಾರು ಏನು ಕೇಳಿದರೂ ಕೂತು ಉತ್ತರ ಹುಡುಕುವವರು ನೀವು. ಅದಕ್ಕೇ ಇದನ್ನು ನಿಮಗೆ ಬರೆಯದೆ ಇರಲಾರೆ. ನಾನು ಗೋರೆಗಾಂವಿಗೆ ಹೋಗಿದ್ದೆ, ಅಣ್ಣ. ನಿಮ್ಮ ರಾಯರ ಮನೆಗೆ.

ಭಾನುವಾರದ ಬೆಳಗುಗಳು ಕಣ್ಣಮುಂದಿವೆ. ಫೋರ್ಟ್ ಪೇಟೆಯ ಫುಟ್‌ಪಾತಿನಲ್ಲಿ ಆರಿಸಿ ತಂದ ಹಳೆಯ ಲಕೋಟೆಗಳ ಸ್ಟಾಂಪಿದ್ದ ಮೂಲೆ ಕತ್ತರಿಸಿ, ಅಗಲ ಬಟ್ಟಲಿನ ನೀರಿನಲ್ಲಿ ನೆನೆಹಾಕುತ್ತಿದ್ದಿರಿ. ಕಾಗದದಿಂದ ಮೆಲ್ಲಗೆ ಕಳಚಿಕೊಂಡು ವಿಕ್ಟೋರಿಯಾ ರಾಣಿ, ಎಡ್ವರ್ಡ್, ಜಾರ್ಜ್ ಒಬ್ಬೊಬ್ಬರಾಗಿ ಈಚೆಗೆ ಬರುತ್ತಿದ್ದರು. "ಚಕ್ರವರ್ತಿಗಳ ಸ್ನಾನ ಮುಗೀತೇನ್ರೀ? ಆ ಬಟ್ಟಲಲ್ಲಿ ನಾನು ಹಿಟ್ಟು ಕಲಸ್ಬೇಕು" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ನೀವು ರಾಜರನ್ನೆಲ್ಲ ಹಳೆಯ ಪಂಚೆಯ ತುಂಡಿನ ಮೇಲೆ ಸಾಲಾಗಿ ಮಲಗಿಸಿ ಒಣಗಿಸುತ್ತಿದ್ದಿರಿ. ಫ್ಯಾನು ಹಾಕಲು ನಮಗೆ ಅಪ್ಪಣೆ ಇರುತ್ತಿರಲಿಲ್ಲ.

ರಾಯರ ಮೊದಲ ಕಾಗದ ಬಂದ ದಿನ ನೀವು ಅದನ್ನು ನಮಗೆಲ್ಲ ಎರಡು ಸಲ ಓದಿ ಹೇಳಿದಿರಿ. ಬ್ರಿಟಿಷರ ಕಾಲದ ಸ್ಟಾಂಪುಗಳನ್ನು ಬದಲಾಯಿಸಿಕೊಳ್ಳುವ ಆಸಕ್ತಿ ಇದ್ದವರು ಬರೆಯಿರಿ ಎಂದು ಕನ್ನಡ ಮಾಸಪತ್ರಿಕೆಯೊಂದರಲ್ಲಿ ನೀವು ಹಾಕಿಸಿದ್ದ ಪ್ರಕಟಣೆಗೆ ಬಂದ ಉತ್ತರ ಅದೊಂದೇ. ಉಡುಪಿ ಕಡೆಯವರು, ರೈಲ್ವೆಯಿಂದ ನಿವೃತ್ತರು. ಕೈ ನಡುಗುವ ಕಾಯಿಲೆಯಾದ್ದರಿಂದ ಕಾಗದವನ್ನು ಹೆಂಡತಿಯ ಕೈಯಲ್ಲಿ ಬರೆಸುತ್ತೇನೆ ಎಂದು ತಿಳಿಸಿದ್ದರು. ಲೋಕಲ್ ರೈಲು ಹತ್ತಿದರೆ ಮುಗಿಯುವ ದಾರಿ. "ಒಮ್ಮೆ ಹೋಗಿ ನೋಡ್ಕೊಂಡು ಬರಬಾರದಾ?" ಎಂದು ಕೇಳಿದರೆ "ನೋಡಿಬಿಟ್ಟರೆ ಆಮೇಲೆ ಬರೆಯೋಕೆ ಏನಿರುತ್ತೆ ಪದ್ಮಾ?" ಎನ್ನುತ್ತಿದ್ದಿರಿ. ಅದು ತಮಾಷೆಯೋ, ನಿಮ್ಮ ಸಂಕೋಚವೋ… ನನಗೆ ಇಂದಿಗೂ ತಿಳಿಯದು.

ರಾಯರ ಕಾಗದಗಳ ಧಾಟಿ ಬದಲಾದದ್ದನ್ನು ಗುರುತಿಸಿದವರು ನೀವೇ. ಅಲ್ಲಿಯವರೆಗೆ ಸ್ಟಾಂಪಿನ ಅಂಚಿನ ಹಲ್ಲು ಮುರಿದಿದೆ, ಬಣ್ಣ ಮಾಸಿದೆ, ಬೇರೆ ಕಳಿಸಿ ಎಂಬ ದೂರುಗಳೇ ಹೆಚ್ಚು. ಒಮ್ಮೆ ಏನು ತೋಚಿತೋ, ನೀವು ಮೂಲೆ ಕತ್ತರಿಸದೆ ಇಡೀ ಲಕೋಟೆಯೊಂದನ್ನು ಕಳಿಸಿದಿರಿ. ಅರ್ಧ ಅಣೆಯ ನೀಲಿ ವಿಕ್ಟೋರಿಯಾ, ಕನ್ನಡದಲ್ಲಿ ಬರೆದ ವಿಳಾಸ. ಉತ್ತರ ಬಂತು: "ರಾಣಿಯನ್ನು ತಲೆಕೆಳಗಾಗಿ ಅಂಟಿಸಿದ್ದಾರೆ, ಗಮನಿಸಿದಿರಾ? ಅಂಟಿಸಿದವರು ಅವಸರದಲ್ಲಿದ್ದರೋ, ಸಿಟ್ಟಿನಲ್ಲಿದ್ದರೋ?" ಆಫೀಸಿಗೆ ಹೊರಟಿದ್ದ ನೀವು ಕಾಗದ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿರಿ. "ನನಗ್ಯಾಕೆ ಇದು ಹೊಳೀಲಿಲ್ಲ? ರಾಯರಿಗೆ ಈ ವಯಸ್ಸಲ್ಲಿ ಕಣ್ಣು ತೆರೆದಿದೆ ಕಣೇ" ಎಂದಿರಿ.

ಆಮೇಲೆ ನೀರಿನ ಬಟ್ಟಲು ಪೂರ್ತಿಯಾಗಿ ಅಮ್ಮನ ಪಾಲಾಯಿತು. ನೀವು ಲಕೋಟೆಗಳನ್ನು ಇಡಿಯಾಗಿಯೇ ತರತೊಡಗಿದಿರಿ. ಧಾರವಾಡದಿಂದ ಸಮುದ್ರದಾಚೆಯ ಏಡನ್ನಿಗೆ ಹೋಗಿ, ಅಲ್ಲಿ ಯಾರೂ ತೆಗೆದುಕೊಳ್ಳದೆ ಮುಂಬಯಿಗೆ ಹಿಂತಿರುಗಿದ ಲಕೋಟೆಯ ಮೇಲೆ ನೀವೂ ರಾಯರೂ ಒಂದು ಮಳೆಗಾಲ ಪೂರ್ತಿ ವಾದ ಮಾಡಲಿಲ್ಲವೇ? ವಿಳಾಸದಲ್ಲಿದ್ದ ಮನುಷ್ಯ ಹಡಗು ಹತ್ತಿ ಬೇರೆ ಕಡೆಗೆ ಹೋದನೆಂದು ನೀವು. ಅಲ್ಲೇ ಇದ್ದೂ ಬೇಕೆಂದೇ ತೆಗೆದುಕೊಳ್ಳಲಿಲ್ಲವೆಂದು ರಾಯರು. ಊಟಕ್ಕೆ ಕೂತಾಗಲೂ ಅವನದೇ ಮಾತು. ಎಂದೂ ನೋಡದ ಒಬ್ಬ ಮನುಷ್ಯನ ಬಗ್ಗೆ ಇಷ್ಟು ಕಾಳಜಿ ಎಲ್ಲಿಂದ ಬಂತು ನಿಮಗೆ?

ನೀವು ಎದೆ ಹಿಡಿದುಕೊಂಡು ಕುಸಿದ ಆ ಮಧ್ಯಾಹ್ನದ ಬಗ್ಗೆ ಬರೆಯಲಾರೆ. ಕರ್ಮಾಂತರಗಳು ಮುಗಿದ ಮೇಲೆ ನಿಮ್ಮ ಹೆಸರಿಗೆ ಗೋರೆಗಾಂವಿನ ಕಾಗದ ಬಂತು. "ಯಾಕೆ ಉತ್ತರವಿಲ್ಲ? ಆರೋಗ್ಯವಷ್ಟೆ?" ಎಂದಿತ್ತು. ಅಮ್ಮ ಅದನ್ನು ಮಡಿಸಿ ಮತ್ತೆ ಲಕೋಟೆಗೆ ಹಾಕಿದಳು. "ಕಾಯಿಲೆ ಮನುಷ್ಯರು ಪಾಪ. ಕಾಗದದಲ್ಲಿ ತಿಳಿಸ್ಬೇಡ. ನೀನೇ ಹೋಗಿ, ಹತ್ತಿರ ಕೂತು ಹೇಳು" ಎಂದಳು.

ದಾದರಿನಲ್ಲಿ ಲೋಕಲ್ ಹತ್ತಿದಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ರಾಯರು ಹೇಗಿರಬಹುದು? ಕೋಲು ಹಿಡಿದವರೋ, ಹಾಸಿಗೆ ಹಿಡಿದವರೋ? ಗೋರೆಗಾಂವ್ ಸ್ಟೇಷನ್ನಿನಿಂದ ಎಮ್ಮೆ ಕಟ್ಟುವ ತಬೇಲಾ, ತಾಳೆಮರಗಳನ್ನು ದಾಟಿ ನಡೆದೆ. ಬಾಗಿಲು ತೆರೆದವರು ಬಿಳಿ ತಲೆಯ, ಬರಿ ಹಣೆಯ ಹೆಂಗಸು; ರಾಯರ ಅಕ್ಕನಿರಬೇಕು ಎಂದುಕೊಂಡೆ. ನಾನು ನಿಮ್ಮ ಹೆಸರು ಹೇಳಿದೆ, ಮಗಳೆಂದೆ. ಅವರು ನನ್ನ ಮುಖವನ್ನೇ ನೋಡಿದರು. ಸುದ್ದಿ ಹೇಳುವ ಮೊದಲೇ ಅವರಿಗೆ ತಿಳಿದಿತ್ತು.

"ಹೋದ್ರಾ?" ಎಂದರು. ನಾನು ತಲೆಯಾಡಿಸಿದೆ. ಅವರು ಬಾಗಿಲನ್ನು ಪೂರ್ತಿ ತೆರೆದು "ಒಳಗೆ ಬಾ ಮಗಾ" ಎಂದರು.

"ರಾಯರಿಗೆ ಹೇಳಬೇಕಿತ್ತು… ಎಲ್ಲಿದ್ದಾರೆ?" ಎಂದೆ. ಅವರು ಗೋಡೆಯತ್ತ ನೋಡಿದರು. ಫೋಟೋ, ಅದಕ್ಕೆ ಒಣಗಿದ ಹಾರ.

"ಅವರು ಹೋಗಿ ವರ್ಷಗಳೇ ಆಯ್ತು. ಅವರ ಕಾರ್ಯ ಎಲ್ಲ ಮುಗಿದ ಮೇಲೆ ನಿಮ್ಮ ತಂದೆಯ ಕಾಗದ ಬಂತು. ಇವರು ತೀರಿಕೊಂಡ್ರು ಅಂತ ಬರೀಲಿಕ್ಕೇ ಕೂತದ್ದು ನಾನು, ದೇವರಾಣೆ. ಆದ್ರೆ ಅದ್ರೊಟ್ಟಿಗೆ ಒಂದು ಲಕೋಟೆ ಇತ್ತಲ್ಲ, ರಾಣಿಯನ್ನು ತಲೆಕೆಳಗೆ ಅಂಟಿಸಿದ್ದು… ಅದನ್ನು ನೋಡ್ತಾ ನೋಡ್ತಾ ಅದ್ರ ಬಗ್ಗೆಯೇ ಬರೆದುಬಿಟ್ಟೆ. ಕೆಳಗೆ ಇವರ ಹೆಸರು ಹಾಕಿದೆ."

ಅಣ್ಣ, ನನಗೆ ಮೈಯೆಲ್ಲ ಉರಿಯಿತು. "ಹಾಗಾದರೆ ನಮ್ಮ ತಂದೆ ಇಷ್ಟು ವರ್ಷ ಸತ್ತವರಿಗೆ ಕಾಗದ ಬರೀತಿದ್ರಾ? ನೀವು ಒಂದು ಮಾತು ಹೇಳಬಾರದಿತ್ತಾ?" ಎಂದುಬಿಟ್ಟೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಹೇಳಿದ್ರೆ ಅವರು ಬರೀತಿದ್ರಾ? ಗಂಡ ಸತ್ತ ಹೆಂಗಸಿಗೆ? ನನ್ನ ಮಗನೇ ಬರೀಲಿಕ್ಕೆ ಬಿಡ್ತಿದ್ನಾ? ಅವನಿಗೆ ಈಗಲೂ ಗೊತ್ತಿಲ್ಲ, ಊರಿಂದ ಬರುವ ಕಾಗದ ಅಂದ್ಕೊಂಡಿದ್ದಾನೆ. ಇವರು ಇರುವಾಗ ಹೇಳಿದ್ದನ್ನು ಬರೆದೆ. ನನಗೂ ಕೇಳ್ಲಿಕ್ಕೆ ಉಂಟು ಅಂತ ಆಮೇಲೆಯೇ ಗೊತ್ತಾದದ್ದು. ನಿಮ್ಮ ತಂದೆ ಒಂದು ಪ್ರಶ್ನೆಯನ್ನೂ ಬಿಡದೆ ಉತ್ತರ ಬರೀತಿದ್ರು. ಬೇರೆ ಯಾರು ಬರೀತಾರೆ ಮಗಾ?"

ನನ್ನ ಸಿಟ್ಟು ಎಲ್ಲಿ ಇಳಿಯಿತೋ ನಾನರಿಯೆ. ನಿಮ್ಮ ರಾಯರೆಂದರೆ, ನೀವು ಊಟ ಮರೆತು ಜಗಳವಾಡಿದ ರಾಯರೆಂದರೆ, ಅವರ ಹೆಂಡತಿ ಯಮುನಮ್ಮ! ಕಣ್ಣು ತೆರೆದದ್ದು ಆ ವೃದ್ಧರಿಗಲ್ಲ. ನಿಮಗೆ ತಿಳಿದಿದ್ದರೆ ಏನು ಮಾಡುತ್ತಿದ್ದಿರಿ? ಬೇಸರಪಡುತ್ತಿದ್ದಿರೇ? ಅಥವಾ ಬಾಗಿಲಲ್ಲಿ ನಿಂತು ಮತ್ತೊಮ್ಮೆ "ನನಗ್ಯಾಕೆ ಇದು ಹೊಳೀಲಿಲ್ಲ?" ಎನ್ನುತ್ತಿದ್ದಿರೇ? ನಾನಂತೂ ಅವರ ಕೈ ಹಿಡಿದುಕೊಂಡೆ. ಅವರು ಆಗಷ್ಟೇ ಅತ್ತರು. ಅತ್ತು ಮುಗಿಸಿ ಕಣ್ಣೊರೆಸಿಕೊಂಡು ಕೇಳಿದ್ದೇನು ಗೊತ್ತೇ? "ನಿಮ್ಮ ತಂದೆ ಜೋರು ನಗ್ತಿದ್ರಾ, ಮೆಲ್ಲಗಾ? ಕಾಗದದಲ್ಲಿ ಅದೊಂದು ಗೊತ್ತಾಗುದಿಲ್ಲ."

ನಿಮ್ಮ ಲಕೋಟೆಗಳನ್ನೆಲ್ಲ ಅವರು ಸೀರೆಗಳ ನಡುವೆ ಇಟ್ಟಿದ್ದಾರೆ. ನಮ್ಮಲ್ಲಿದ್ದವನ್ನೂ ಒಯ್ದು ತೋರಿಸಿದೆ. ಭಾನುವಾರ ಭಾನುವಾರ ಹೋಗತೊಡಗಿದೆ. ಅಣೆ ಹೋಗಿ ನಯೇ ಪೈಸೆ ಬಂದಾಗ, ಭಾರತದ ನಕ್ಷೆಯ ಹೊಸ ಸ್ಟಾಂಪನ್ನು ಅಂಗೈಯಲ್ಲಿಟ್ಟುಕೊಂಡು "ಇದನ್ನೂ ಯಾರಾದ್ರೂ ತಲೆಕೆಳಗೆ ಅಂಟಿಸ್ತಾರೋ ನೋಡ್ಬೇಕು" ಎಂದರು.

ಹೋದ ವಾರ ಮಾಟುಂಗದ ಶಾಲೆಯೊಂದರಲ್ಲಿ ಹಳೆಯ ಸ್ಟಾಂಪುಗಳ ಪ್ರದರ್ಶನವಿತ್ತು. ನಿಮ್ಮಿಬ್ಬರ ಲಕೋಟೆಗಳನ್ನು ಇಡೋಣವೆಂದು ನಾನು ಹೇಳಿದಾಗ ಅವರು ಬಹಳ ದಿನ ಒಪ್ಪಲಿಲ್ಲ. ಕೊನೆಗೆ ಒಪ್ಪಿದರು, ಮಗನಿಗೂ ತಾವೇ ಎಲ್ಲ ಹೇಳಿದರಂತೆ. ಅವನು ಎರಡು ದಿನ ಮಾತು ಬಿಟ್ಟವನು, ಆ ದಿನ ತಾನೇ ತಾಯಿಯನ್ನು ಟ್ಯಾಕ್ಸಿಯಲ್ಲಿ ಕರೆತಂದ. ಬಿಳಿ ಸೀರೆಯ ಸೆರಗು ಹೊದ್ದು ಅವರು ಮೇಜಿನ ಪಕ್ಕ ನಿಂತಿದ್ದರು. ಕೋಟು ಹಾಕಿದ ಗುಜರಾತಿ ಮಹನೀಯರೊಬ್ಬರು ಏಡನ್ನಿನ ಲಕೋಟೆಯ ಮುಂದೆ ತುಂಬಾ ಹೊತ್ತು ನಿಂತು, "ಯೇ ಸಬ್ ಕಿಸ್‌ಕಾ ಹೈ?" ಎಂದು ಯಮುನಮ್ಮನ ಮಗನನ್ನು ಕೇಳಿದರು.

ಮಗ ಬಾಯಿ ತೆರೆಯುವ ಮೊದಲೇ ಯಮುನಮ್ಮ ತಮ್ಮ ಹರಕುಮುರುಕು ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಮೇರಾ ಹೈ. ಮೇರಾ, ಔರ್ ಪರೇಲ್ ಮೇ ಮೇರಾ ಏಕ್ ದೋಸ್ತ್ ಥಾ, ಉನ್‌ಕಾ."

ನಿಮ್ಮ
ಪದ್ಮ