ಶ್ರುತಿಗೆ ಬಿದ್ದ ಚಪ್ಪಾಳೆ

ಲೋಕೆರೆನ್,
ನವೆಂಬರ್ ೨೧

ಪ್ರೀತಿಯ ಮಗಳು ಹೆಡ್ವಿಗ್‌ಳಿಗೆ, ಪುರಸಭೆಯ ನಿವೃತ್ತ ಗುಮಾಸ್ತನೂ ನಿನ್ನ ತಂದೆಯೂ ಆದ ಓಡಿಲೋನ್ ಅತ್ಯಂತ ಸಂತೋಷದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ,

ನಾವಿಬ್ಬರೂ ಕ್ಷೇಮ. ನಿನ್ನ ತಾಯಿಯ ಮಂಡಿನೋವು ಇಳಿಮುಖವಾಗಿದೆ. ಪತ್ರ ತಡವಾದುದಕ್ಕೆ ಕ್ಷಮೆಯಿರಲಿ. ಹಿಗ್ಗಿನ ಭರದಲ್ಲಿ ಬರೆದುದನ್ನೆಲ್ಲ ಹರಿದುಹಾಕಬೇಕಾಯಿತು. ಗೆಂಟ್ ಸಭಾಂಗಣದವರು ನಿನ್ನನ್ನು ಮೂರು ವರ್ಷಗಳ ಆಸ್ಥಾನ ವಾದಕಿಯಾಗಿ ಆರಿಸಿಕೊಂಡ ಸುದ್ದಿಯನ್ನು ಬೇಕರಿಯಲ್ಲಿ, ಅಂಚೆ ಕಚೇರಿಯಲ್ಲಿ, ಕೊನೆಗೆ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಸಾರಿದ್ದೇನೆ! "ವಯೋಲಾ ಅಂದ್ರೇನು ಭಾವ, ಪಿಟೀಲು ಬಾರದೋರ ಪಿಟೀಲು ತಾನೆ?" ಎಂದು ವರ್ಷಗಟ್ಟಲೆ ಹಂಗಿಸಿದ ನಿನ್ನ ಸೋದರಮಾವ ಫ್ಲೋರಿಮಂಡ್ ಈಗ "ನಮ್ ಹುಡುಗಿ, ನಮ್ ರಕ್ತ" ಎನ್ನುತ್ತಿದ್ದಾನೆ.

ಇನ್ನು ಮುಖ್ಯ ವಿಷಯ. ಅಂದು ಗೆಂಟ್‌ನ ಆಯ್ಕೆಯ ಕಛೇರಿಗೆ ನಿನ್ನ ತಾಯಿಯ ಟಿಕೆಟ್ಟಿನಲ್ಲಿ ಬಂದವನು ನಾನು. "ಮಂಡಿ ಬಗ್ತಿಲ್ಲ ರೀ, ನೀವೇ ಹೋಗ್ಬನ್ನಿ. ಅವಳಿಗೆ ಹೇಳ್ಬೇಡಿ, ಗಾಬರಿಯಾಗ್ತಾಳೆ," ಎಂದಳು. ವಾದ್ಯವೃಂದದ ಕಾಯಂ ಕೆಲಸ ಬಿಟ್ಟು, ಬರೆದಿಟ್ಟದ್ದೇನೂ ಇಲ್ಲದೆ ವೇದಿಕೆಯಲ್ಲೇ ಹುಟ್ಟಿಸಿ ನುಡಿಸುವ ದಾರಿ ಹಿಡಿದ ನಿನ್ನ ಮುಂದಿನ ಬದುಕು ಆ ಒಂದು ಕಛೇರಿಯ ಮೇಲೆ ನಿಂತಿದೆಯೆಂದು ಬಲ್ಲ ನಾನು, ಮೊದಲ ಸಾಲಿನ ತೀರ್ಪುಗಾರರ ಬೆನ್ನುಗಳನ್ನೇ ನೋಡುತ್ತ ಕುಳಿತೆ.

ನೀನು ಬಂದೆ. ಕಮಾನು ಎಳೆದೆ. ತಂತಿಗಳು ಒಂದೊಂದಾಗಿ ನರಳಿ, ಜೋಡಿಜೋಡಿಯಾಗಿ ಕೂಡಿ, ನಿಂತವು. ಆಧುನಿಕ ಸಂಗೀತ ಎಷ್ಟು ಚಿಕ್ಕದು, ಎಷ್ಟು ಚೊಕ್ಕ ಎಂದು ಮೆಚ್ಚಿ, ಎಲ್ಲರಿಗಿಂತ ಮೊದಲು ತಂದೆಯ ಚಪ್ಪಾಳೆಯೇ ಬೀಳಲೆಂದು ಬಲವಾಗಿ ತಟ್ಟಿದೆ.

"ಏನ್ರೀ ಯಜಮಾನ್ರೇ!" ಪಕ್ಕದ ಹೆಂಗಸು ಮೊಣಕೈಯಿಂದ ತಿವಿದಳು. "ಇನ್ನೂ ಶ್ರುತಿ ಮಾಡ್ಕೋತಿದಾಳೆ. ಶುರುವೇ ಆಗಿಲ್ಲ!"

ಎರಡು ಚಪ್ಪಾಳೆ ಪೂರ್ತಿ ಬಿದ್ದಿದ್ದವು. ಮೂರನೆಯದು ನಡುದಾರಿಯಲ್ಲಿ ಸತ್ತಿತು. ಸಭೆಯೆಲ್ಲ ತಿರುಗಿ ನೋಡಿತು. ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆನೆಂದು ಕೋಟಿನೊಳಗೆ ಕುಗ್ಗಿದೆ.

ಆಗ ನೀನು ನಕ್ಕೆ! ವಯೋಲಾದ ಮರದ ಮೇಲೆ ಗೆಣ್ಣಿನಿಂದ ತಟ್ಟಿದೆ: ಟಕ್, ಟಕ್, ತ್... ನನ್ನ ಅರ್ಧ ಚಪ್ಪಾಳೆಯನ್ನೂ ಬಿಡಲಿಲ್ಲ. ಅದನ್ನೇ ತಂತಿಗೇರಿಸಿ, ಕಮಾನಿನಲ್ಲಿ ಕುಣಿಸಿ, ಆ ಅರೆಪೆಟ್ಟಿನ ಜಾಗದಲ್ಲಿ ಪ್ರತಿ ಸಲವೂ ಹೊಸದೊಂದು ಸ್ವರವಿಟ್ಟೆ. ಒಮ್ಮೆ ಅಲ್ಲಿ ಏನನ್ನೂ ಇಡಲಿಲ್ಲ. ತೀರ್ಪುಗಾರರೊಬ್ಬರ ಪಾದ ಆ ಪೆಟ್ಟನ್ನು ತಾನೇ ಹಾಕಿತು. ಕಣ್ಣಾರೆ ಕಂಡೆ. ಮುಗಿದಾಗ ಜನ ಎದ್ದು ನಿಂತರು. ನಾನು ಮಾತ್ರ ಧೈರ್ಯ ಸಾಲದೆ ಪಕ್ಕದವಳನ್ನು ಕೇಳಿದೆ: "ಈಗ ತಟ್ಟಬಹುದಾ ತಾಯಿ?"

"ತಟ್ರೀ, ತಟ್ರೀ! ಇವತ್ತಿನ ಕಛೇರಿ ನಿಮ್ದೇ!"

ಆದಕಾರಣ ಈ ಗೆಲುವಿನಲ್ಲಿ ಎರಡೂವರೆ ಚಪ್ಪಾಳೆಯಷ್ಟು ಪಾಲು ಅರ್ಜಿದಾರನಿಗೆ ಸಲ್ಲತಕ್ಕದ್ದೆಂದು ವಿನಂತಿ. ನಿನ್ನ ಬೆರಳುಗಳಿಗೆ ದಣಿವು ಬಾರದಿರಲಿ. ನುಡಿಸಿದಷ್ಟೂ ನುಡಿಸುವುದು ಉಳಿದಿರಲಿ.

ನಿನ್ನ ತಂದೆ,
ಓಡಿಲೋನ್ ವೆರ್ಮಾಸೆನ್

ತಾ.ಕ.: ಪತ್ರಿಕೆಯಲ್ಲಿ ನಿನ್ನ ಸಂದರ್ಶನ ಓದಿದೆ. ಚಪ್ಪಾಳೆ ಯಾರದೋ ತಿಳಿಯದು ಎಂದಿದ್ದೀಯೆ. ವೇದಿಕೆಯ ಬೆಳಕಿನಲ್ಲಿ ನಾನು ನಿನಗೆ ಕಾಣದಿರುವುದು ಸಹಜ. ಆದರೆ ಮನೆಯವರ ಬಗ್ಗೆ ಕೇಳಿದ್ದಕ್ಕೆ, "ಅಮ್ಮ ಬರ್ತಾಳೆ. ಅಪ್ಪ ಕರೆದ್ರೂ ಬರಲ್ಲ," ಎಂದಿದ್ದೀಯೆ. ತಿದ್ದುಪಡಿ ಕೋರಿ ಸಂಪಾದಕರಿಗೆ ಬರೆಯಲು ಕುಳಿತೆ. ಜೀವಮಾನವೆಲ್ಲ ಮನವಿ ಬರೆದ ಕೈಗೆ ಒಂದು ಸಾಲೂ ಬರಲಿಲ್ಲ. ನೀನು ಎಂದೂ ಕರೆದೇ ಇಲ್ಲವಲ್ಲ, ಮಗಳೇ. ಒಮ್ಮೆ ಕರೆದು ನೋಡು.