ಗ್ರಾಫಿಕ್ಸ್ ಕಾರ್ಡ್ ಕಿತ್ತ ಬಗ್ಗೆ ತಪ್ಪೊಪ್ಪಿಗೆ

ಫೋಟೋ ಸ್ಟುಡಿಯೋದ ಮಾಲೀಕರೂ ನನ್ನ ಜನ್ಮದಾತರೂ ಆದ ಅಪ್ಪನ ಸನ್ನಿಧಾನಕ್ಕೆ,

ನೀವು ಆಲ್ಬಮ್ ಮಾಡುವ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ನನ್ನದಕ್ಕೆ ಹಾಕಿಕೊಂಡವಳು ನಾನೇ. ಪೊಲೀಸರಿಗೆ ತೊಂದರೆ ಕೊಡಬೇಡಿ.

ನಿಮ್ಮ ಜೊತೆ ಜಗಳವಾಡಿ ಮನೆ ಬಿಟ್ಟ ಅಕ್ಕ ದಿನಾ ಸಂಜೆ ಆರಕ್ಕೆ ನನ್ನ ಆನ್‌ಲೈನ್ ಆಟದೊಳಗೆ ಬರುತ್ತಾಳೆ. "ಅವಳು ಈ ಹೊಸ್ತಿಲು ತುಳಿಯಕೂಡದು" ಎಂದು ಅಪ್ಪಣೆ ಕೊಡಿಸಿದ್ದಿರಿ. ತುಳಿದಿಲ್ಲ, ಆಟದ ಸೇತುವೆಯ ಮೇಲೆ ನಿಲ್ಲುತ್ತಾಳೆ. ಆದರೆ ನನ್ನ ಹಳೇ ಕಾರ್ಡಿನಲ್ಲಿ ಎಲ್ಲರ ಮುಖವೂ ಕಲಸಿಟ್ಟ ಹಿಟ್ಟಿನ ಉಂಡೆ. ರಾಕ್ಷಸನೆಂದುಕೊಂಡು ಒಡಹುಟ್ಟಿದವಳನ್ನೇ ಮೂರು ಸಲ ಕಡಿದುಹಾಕಿದೆ. "ಲೇ ಕೋತಿ, ನಾನು ಕಣೇ!" ಎಂದು ಕಿರುಚುತ್ತಲೇ ಸತ್ತಳು, ಪಾಪ.

ನಿನ್ನೆ ಮೊದಲ ಸಲ ಅವಳ ಮುಖ ಸ್ಪಷ್ಟವಾಗಿ ಕಂಡಿತು. ತನ್ನ ಪಾತ್ರವನ್ನು ತಾನೇ ರೂಪಿಸಿಕೊಂಡಿದ್ದಾಳೆ. ಮೂಗು ಥೇಟ್ ನಿಮ್ಮದೇ. ಆಯ್ದುಕೊಳ್ಳಲು ಇನ್ನೂರು ಚೆಂದದ ಮೂಗುಗಳಿದ್ದವು ಅಪ್ಪ.

ಕಾರ್ಡ್ ವಾಪಸ್ ಕೊಡುವುದಿಲ್ಲ. ಬೈಯಲೇಬೇಕೆಂದಿದ್ದರೆ ಸಂಜೆ ಆರಕ್ಕೆ ಸರಿಯಾಗಿ ನನ್ನ ಕೋಣೆಗೆ ಬಂದು ಬೈಯಿರಿ. ಕನ್ನಡಕ ಮರೆಯದೆ ತನ್ನಿ. ಕೂರುವುದಾದರೆ ಒಂದು ಕುರ್ಚಿಯನ್ನೂ.

ಇಂತಿ, ಕ್ಷಮೆ ಕೇಳದ
ನಿಮ್ಮ ಕಿರಿಮಗಳು